ಮಡಕೆ ಯಾರದು, ಸೊಪ್ಪು ಯಾರದು?

ಮಕ್ಕಳಿಂದ ಕಥೆ ಬರೆಸಿ, ಚಿತ್ರ ಬಿಡಿಸಿ, ಅದನ್ನು ಚೆಂದದ ಪುಸ್ತಕ ಮಾಡುವ ಸಂಸ್ಥೆಗಳು ನಮ್ಮ ದೇಶದಲ್ಲೂ ಇವೆ, ಹೊರಗೂ ಇವೆ. 'ನಮಗೆ ಲಾಭ ಬೇಡ, ಮಕ್ಕಳ ದನಿ ಕೇಳಿಸಿದರೆ ಸಾಕು' ಅಂತ ಅದನ್ನು ನಡೆಸುವವರು ಹೇಳ್ತಾರೆ. ಒಳ್ಳೆಯ ಮಾತು. ಆದರೆ ನಾವು ಒಂದು ಪ್ರಶ್ನೆ ಕೇಳದೆ ಬಿಡೋದಿಲ್ಲ. ಆ ಪುಸ್ತಕದ ಹಿಂದೆ ನಿಂತಿರೋ ಜನ ಯಾರು? ಆರಿಸೋ ಕೈ ಯಾರದು, ತಿದ್ದೋ ಕೈ ಯಾರದು? ಮಗು ಬರೆದದ್ದು ಉಳ್ಳವರ ಕಣ್ಣಿಗೆ ಖಾರ ಬಿದ್ದ ಹಾಗೆ ಉರಿದಾಗ ಆ ಮಗುವಿನ ಬೆನ್ನಿಗೆ ನಿಲ್ಲೋರು ಯಾರು? ಹಣದ ಲಾಭ ಬಿಟ್ಟವರೆಲ್ಲ ಯಜಮಾನಿಕೆಯ ಲಾಭವನ್ನೂ ಬಿಟ್ಟಿರ್ತಾರೆ ಅಂತ ನಂಬೋಕೆ ನಮ್ಮ ಚರಿತ್ರೆ ಬಿಡೋದಿಲ್ಲ. ಈ ನೆಲದಲ್ಲಿ ಅಕ್ಷರದ ಯಜಮಾನಿಕೆ ಯಾವತ್ತೂ ದುಡ್ಡಿಗಿಂತ ದೊಡ್ಡದು.

ಅಮೆರಿಕದಲ್ಲಿ ಇಂಥದೊಂದು ಹೆಸರಾಂತ ಪತ್ರಿಕೆ ಹುಟ್ಟಿತು. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನಲ್ಲಿ 1973ರಲ್ಲಿ ವಿಲಿಯಂ ರೂಬೆಲ್, ಜೆರ್ರಿ ಮ್ಯಾಂಡೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದನ್ನು ಶುರು ಮಾಡಿದರು. ಹೆಸರು 'ಸ್ಟೋನ್ ಸೂಪ್', ಅಂದರೆ ಕಲ್ಲಿನ ಸಾರು. ನಡೆಸಿದ್ದು 'ಚಿಲ್ಡ್ರನ್ಸ್ ಆರ್ಟ್ ಫೌಂಡೇಶನ್' ಎಂಬ ಲಾಭರಹಿತ ಸಂಸ್ಥೆ. ಅದರಲ್ಲಿ ಕಥೆ ಬರೆಯೋರೂ ಮಕ್ಕಳೇ, ಪದ್ಯ ಕಟ್ಟೋರೂ ಮಕ್ಕಳೇ, ಚಿತ್ರ ಬಿಡಿಸೋರೂ ಮಕ್ಕಳೇ. 2023ಕ್ಕೆ ಅದಕ್ಕೆ ಐವತ್ತು ವರ್ಷ ತುಂಬಿತು. ಇದನ್ನು ನಾವು ಸಣ್ಣದು ಅನ್ನೋದಿಲ್ಲ. ದೊಡ್ಡವರು ಮಕ್ಕಳಿಗೆ ನೀತಿ ಬರೆದು ಬಾಯಿಗೆ ತುರುಕೋದು ಬೇರೆ, ಮಗು ಬರೆದದ್ದನ್ನೇ ಸಾಹಿತ್ಯ ಅಂತ ಒಪ್ಪಿಕೊಳ್ಳೋದು ಬೇರೆ. ಎರಡನೆಯದಕ್ಕೆ ಎದೆಗಾರಿಕೆ ಬೇಕು. ಅದು ಆ ಇಬ್ಬರಿಗಿತ್ತು.

ನಮಗೆ ಬೇಕಾಗಿರೋದು ಆ ಹೆಸರಿನ ಹಿಂದಿನ ಕಥೆ. ಅದು ಯುರೋಪಿನ ಹಳೇ ಜನಪದ ಕಥೆ. ಹಸಿದ ದಾರಿಹೋಕನೊಬ್ಬ ಊರಿಗೆ ಬರ್ತಾನೆ. ಯಾರೂ ಒಂದು ತುತ್ತು ಕೊಡೋದಿಲ್ಲ. ಅವನು ಊರ ನಡುವೆ ಒಲೆ ಹೂಡಿ, ನೀರು ಕಾಯೋಕಿಟ್ಟು, ಅದರೊಳಗೆ ಒಂದು ಕಲ್ಲು ಹಾಕ್ತಾನೆ. 'ಏನಯ್ಯಾ ಇದು?' ಅಂತ ಜನ ಸೇರ್ತಾರೆ. 'ಕಲ್ಲಿನ ಸಾರು. ರುಚಿಯಾಗೇ ಇರುತ್ತೆ. ಒಂದು ಈರುಳ್ಳಿ ಬಿದ್ದಿದ್ರೆ ಇನ್ನೂ ರುಚಿಯಾಗ್ತಿತ್ತು' ಅಂತಾನೆ. ಒಬ್ಬ ಈರುಳ್ಳಿ ತರ್ತಾನೆ, ಒಬ್ಬಳು ಸೊಪ್ಪು ತರ್ತಾಳೆ, ಇನ್ನೊಬ್ಬರು ಉಪ್ಪು. ಕೊನೆಗೆ ಊರೆಲ್ಲ ಕೂತು ಒಂದೇ ಸಾರು ಉಣ್ತಾರೆ. ಎಲ್ಲರೂ ಚೂರು ಚೂರು ತಂದರೆ ಎಲ್ಲರ ಹೊಟ್ಟೆಯೂ ತುಂಬುತ್ತೆ ಅನ್ನೋದು ನೀತಿ.

ಕಥೆ ಚೆನ್ನಾಗಿದೆ. ಆದರೆ ಕೇರಿಯಲ್ಲಿ ಕೂತು ಕೇಳಿದರೆ ಇದರ ರುಚಿಯೇ ಬೇರೆ. ಮೊದಲನೆಯದಾಗಿ, ಆ ದಾರಿಹೋಕ ತಂದದ್ದು ಬರೀ ಕಲ್ಲು. ಸಾರು ಆದದ್ದು ಮಿಕ್ಕವರ ಸೊಪ್ಪಿನಿಂದ, ಮಿಕ್ಕವರ ಉಪ್ಪಿನಿಂದ. ಮಕ್ಕಳ ಪುಸ್ತಕ ತೆಗೆಯುವ ಸಂಸ್ಥೆಗಳ ಕಲ್ಲು ಯಾವುದು? ಕಾಗದ, ಅಚ್ಚು, ದಾನಿಗಳ ಚೆಕ್ಕು, ಬಿಡುಗಡೆ ಸಭೆ. ಇವು ಬೇಕು, ಇಲ್ಲ ಅನ್ನೋದಿಲ್ಲ. ಆದರೆ ಸಾರಿನ ಸತ್ವ ಮಕ್ಕಳದು. ಎರಡನೆಯದು ಇನ್ನೂ ದೊಡ್ಡದು. ಊರಿಗೆಲ್ಲ ಒಂದೇ ಮಡಕೆ ಇರುವ ನಾಡಿನ ಕಥೆ ಅದು. ನಮ್ಮ ಊರುಗಳಲ್ಲಿ ಒಂದೇ ಮಡಕೆ ಎಲ್ಲಿದೆ ಸ್ವಾಮಿ? ಬಾವಿ ಬೇರೆ, ಲೋಟ ಬೇರೆ, ಸುಡುಗಾಡೂ ಬೇರೆ. ಸರ್ಕಾರವೇ ಸ್ಕೂಲಿನಲ್ಲಿ ಬಿಸಿಯೂಟದ ಒಲೆ ಹೂಡಿ, ಅಕ್ಕಿ ಬೇಳೆ ಕೊಟ್ಟರೂ, ದಲಿತ ಹೆಂಗಸು ಸೌಟು ಹಿಡಿದಳು ಅಂತ ಮಕ್ಕಳನ್ನು ಉಪವಾಸ ಕೆಡವಿದ, ಸ್ಕೂಲೇ ಬಿಡಿಸಿದ ಊರುಗಳು ಈ ನಾಡಿನಲ್ಲಿವೆ. ಇಂಥಲ್ಲಿ 'ಎಲ್ಲ ಮಕ್ಕಳ ಬರಹಕ್ಕೂ ನಮ್ಮ ಪುಟ ತೆರೆದಿದೆ' ಅಂದರೆ ಏನರ್ಥ? ಬಾಗಿಲು ತೆರೆದಿದ್ದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದ ಹಾಗಾಗುತ್ತಾ? ದೇವಸ್ಥಾನದ ಬಾಗಿಲೂ ದಿನಾ ತೆರೆದೇ ಇತ್ತು.

ಅದೇ 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅಷ್ಟಕ್ಕೇ ನಾಡಿಗೆ ಬೆಂಕಿ ಬಿತ್ತು. ದಲಿತ ವಿದ್ಯಾರ್ಥಿಗಳನ್ನು ಹಾಸ್ಟೆಲ್‌ಗಳಿಗೆ ನುಗ್ಗಿ ಹೊಡೆದರು, ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಸಾಂತಾ ಕ್ರೂಸ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳು 'ಮಕ್ಕಳೇ ಸಾಹಿತಿಗಳು' ಅಂದಾಗ ಯಾರೂ ಕಲ್ಲು ತೂರಲಿಲ್ಲ. ಇಲ್ಲಿ 'ಯಾವುದು ಸಾಹಿತ್ಯ?' ಅಂತ ಕೇಳಿದ್ದಕ್ಕೇ ಏಟು ಬಿತ್ತು. ಕಲ್ಲಿನ ಸಾರಿನ ಕಥೆಯನ್ನು ಇಲ್ಲಿಗೆ ತಂದು ಅನುವಾದ ಮಾಡೋರು ಈ ವ್ಯತ್ಯಾಸವನ್ನು ಮರೀಬಾರದು.

ನಮ್ಮ ದೇಶದ ದೊಡ್ಡ ಉದಾಹರಣೆ ದೆಹಲಿಯದು. ವ್ಯಂಗ್ಯಚಿತ್ರಕಾರ ಕೆ. ಶಂಕರ್ ಪಿಳ್ಳೆ 1949ರಲ್ಲಿ ಮಕ್ಕಳ ಚಿತ್ರ ಮತ್ತು ಬರಹದ ಸ್ಪರ್ಧೆ ಆರಂಭಿಸಿದರು. ಅದು ಬೆಳೆದು ಹಲವಾರು ದೇಶಗಳ ಮಕ್ಕಳು ಚಿತ್ರ ಕಳಿಸುವಂತಾಯಿತು. 1957ರಲ್ಲಿ ಅವರೇ 'ಚಿಲ್ಡ್ರನ್ಸ್ ಬುಕ್ ಟ್ರಸ್ಟ್' ಕಟ್ಟಿದರು. ಕಡಿಮೆ ಬೆಲೆಗೆ ಮಕ್ಕಳ ಪುಸ್ತಕ ಕೊಟ್ಟ ಹಿರಿಮೆ ಅವರದು. ಅದೇ 1949ರಲ್ಲಿ ಅವರ ವಾರಪತ್ರಿಕೆಯಲ್ಲಿ ಇನ್ನೊಂದು ಚಿತ್ರವೂ ಬಂತು. ಸಂವಿಧಾನವೆಂಬ ಬಸವನಹುಳದ ಮೇಲೆ ಬಾಬಾಸಾಹೇಬರು ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಎತ್ತಿ ನಿಂತಿದ್ದಾರೆ. ಆ ಚಿತ್ರವನ್ನು ಎನ್‌ಸಿಇಆರ್‌ಟಿಯವರು ಹನ್ನೊಂದನೇ ಕ್ಲಾಸಿನ ಪಠ್ಯದಲ್ಲಿ ಹಾಕಿದರು. 2012ರಲ್ಲಿ ಪಾರ್ಲಿಮೆಂಟಿನಲ್ಲಿ ಗಲಾಟೆಯಾಗಿ ತೆಗೆಯಬೇಕಾಯಿತು. ಚಾಟಿ ಹುಳಕ್ಕೆ ಎತ್ತಿದ್ದೋ ಬಾಬಾಸಾಹೇಬರಿಗೆ ಎತ್ತಿದ್ದೋ ಅಂತ ಪಂಡಿತರು ವಾದ ಮಾಡಿದರು. ಕೇರಿಯ ಮಗುವಿಗೆ ಆ ವಾದ ಬೇಕಿಲ್ಲ. ಚಾಟಿ ಅಂದರೆ ಏನು ಅಂತ ಅದಕ್ಕೆ ಗೊತ್ತು.

ನಾವು ಶಂಕರರನ್ನು ಖಳನಾಯಕ ಮಾಡ್ತಾ ಇಲ್ಲ. ಅವರು ಎಲ್ಲ ನಾಯಕರನ್ನೂ ಗೇಲಿ ಮಾಡಿದವರು. ನಮ್ಮ ಮಾತಿಷ್ಟೇ: ಮಕ್ಕಳನ್ನು ಪ್ರೀತಿಸೋದು, ಎಲ್ಲ ಮಕ್ಕಳ ಕಣ್ಣಿಂದ ಲೋಕ ನೋಡೋದು, ಎರಡೂ ಒಂದೇ ಅಲ್ಲ. ಮಡಕೆಯ ಸುತ್ತ ಕೂತವರೆಲ್ಲ ಒಂದೇ ಕಡೆಯಿಂದ ಬಂದವರಾದರೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ಅವರಿಗೆ ಕಾಣದ ಚಾಟಿಗಳಿರುತ್ತವೆ.

ಆ ಕಾಣದ ಚಾಟಿ ಮೊದಲು ಬೀಳೋದು ಆಯ್ಕೆಯ ಮೇಜಿನ ಮೇಲೆ. ಚಿತ್ರಸ್ಪರ್ಧೆ ಅಂದರೆ ಬಣ್ಣದ ಡಬ್ಬಿ ಇರುವ ಮಗು ಗೆಲ್ಲುತ್ತೆ. ಇದ್ದಿಲು ಹಿಡಿದು ಗೋಡೆ ಮೇಲೆ ಗೀಚುವ ಮಗುವಿಗೆ ಬೈಗುಳ ಸಿಗುತ್ತೆ. ವಿಷಯ ಕೊಡೋರೂ ಅವರೇ: 'ನನ್ನ ಕನಸಿನ ಭಾರತ', 'ಮಳೆಗಾಲದ ಒಂದು ದಿನ'. ಮಳೆ ಬಂದರೆ ಸೂರು ಸೋರುವ ಮನೆಯ ಹುಡುಗಿ ಕಾಗದದ ದೋಣಿಯನ್ನೇ ಬರೀಬೇಕಾ? ಅವಳು ಸೋರುವ ಜಾಗಕ್ಕೆ ಪಾತ್ರೆ ಇಟ್ಟದ್ದನ್ನು ಬರೆದರೆ 'ತುಂಬಾ ನಿರಾಶೆ ಇದೆ, ಮಕ್ಕಳಿಗೆ ತಕ್ಕದ್ದಲ್ಲ' ಅಂತ ಪಕ್ಕಕ್ಕೆ ಹೋಗುತ್ತೆ. ಮಗುವಿನ ಬಾಳು ಮಕ್ಕಳಿಗೆ ತಕ್ಕದ್ದಲ್ಲದಿದ್ದರೆ ಅದು ಬರಹದ ತಪ್ಪಾ?

ಎರಡನೇ ಏಟು ಭಾಷೆಗೆ. 'ನಮ್ಮವ್ವ ಗೌಡ್ರ ಹೊಲ್ದಲ್ಲಿ ಗೇದ್‌ಬುಟ್ಟು ಬಂದ್ಲು' ಅಂತ ಮಗು ಬರೆಯುತ್ತೆ ಅಂತಿಟ್ಟುಕೊಳ್ಳಿ. ಅಚ್ಚಿಗೆ ಹೋಗುವಾಗ ಅದು 'ನಮ್ಮ ತಾಯಿಯವರು ಹೊಲದಲ್ಲಿ ಕೆಲಸ ಮುಗಿಸಿ ಬಂದರು' ಅಂತ ಆಗುತ್ತೆ. ಕಾಗುಣಿತ ಸರಿಹೋಯಿತು. ಆದರೆ ಅವ್ವ ಹೋದಳು, ಗೇಯ್ಮೆ ಹೋಯಿತು, ಗೌಡ್ರೂ ಹೋದರು! ಯಾರ ಹೊಲ ಅನ್ನೋದೇ ಮಾಯ. ಇದನ್ನು ಸಂಪಾದನೆ ಅಂತಾರೆ. ನಾವು ಇದನ್ನು ಭೂಮಾಲೀಕನ ಹೆಸರು ಪಹಣಿಯಿಂದ ಅಳಿಸಿದ ಹಾಗೆ ಅಂತೀವಿ. ಈ ಸಲ ಅಳಿಸಿದ್ದು ಅವನಿಗೆ ಅನುಕೂಲವಾಗಲಿ ಅಂತ.

ಹಾಗಾದರೆ ಬೇರೆ ಥರದ ಜನ ಇಲ್ಲವೇ ಇಲ್ವಾ? ಇದ್ದಾರೆ. ಒಂದು ಪ್ರಸಂಗ ದೂರದ ಲಂಡನ್ನಿನದು, ಇನ್ನೊಂದು ಪಕ್ಕದ ಪುಣೆಯದು. ಎರಡನ್ನೂ ನಮ್ಮ ಮೇಷ್ಟ್ರುಗಳು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಪೂರ್ವ ಲಂಡನ್ನಿನ ಸ್ಟೆಪ್ನಿ ಆಗ ದುಡಿಯುವ ಬಡವರ ಬೀದಿ. ಅಲ್ಲಿನ ಸರ್ ಜಾನ್ ಕಾಸ್ ಶಾಲೆಗೆ ಕ್ರಿಸ್ ಸರ್ಲ್ ಎಂಬ ಎಳೇ ವಯಸ್ಸಿನ ಇಂಗ್ಲಿಷ್ ಮೇಷ್ಟ್ರು ಬಂದರು. ರಾನ್ ಮೆಕಾರ್ಮಿಕ್ ಎಂಬುವರು ಅದೇ ಬೀದಿಗಳ ಫೋಟೋ ತೆಗೆದಿದ್ದರು. ಸರ್ಲ್ ಅವನ್ನು ತೋರಿಸಿ, 'ನಿಮ್ಮ ಬೀದಿ ಬಗ್ಗೆ ನೀವೇ ಬರೀರಿ' ಅಂದರು. ಮಕ್ಕಳು ಬರೆದರು. ಕೊಳಕು ಗಲ್ಲಿ, ಒಂಟಿ ಮುದುಕರು, ಅಪ್ಪಂದಿರ ದಣಿವು, ಎಲ್ಲ ಬಂತು. ಶಾಲೆಯ ಆಡಳಿತ ಮಂಡಳಿ ಇದು ಬರೀ ಕತ್ತಲೆ, ಅಚ್ಚು ಹಾಕಕೂಡದು ಅಂತು. ಸರ್ಲ್ ದುಡ್ಡು ಕೂಡಿಸಿ 1971ರಲ್ಲಿ 'ಸ್ಟೆಪ್ನಿ ವರ್ಡ್ಸ್' ಎಂಬ ಪುಸ್ತಕ ತಂದೇಬಿಟ್ಟರು. ಮಂಡಳಿ ಅವರನ್ನು ಕೆಲಸದಿಂದ ತೆಗೆದುಹಾಕಿತು.

ಆಮೇಲೆ ನಡೆದದ್ದನ್ನು ಕೇಳಿ. ಆ ವರ್ಷದ ಮೇ ತಿಂಗಳಲ್ಲಿ ಸುಮಾರು 800 ಮಕ್ಕಳು ಕ್ಲಾಸಿಗೆ ಹೋಗದೆ ಶಾಲೆಯ ಹೊರಗೆ ಮಳೆಯಲ್ಲಿ ನಿಂತರು. ನಮ್ಮ ಮೇಷ್ಟ್ರನ್ನು ವಾಪಸ್ ಕರೆಸಿ ಅಂದರು. ಆಮೇಲೆ ಟ್ರಫಾಲ್ಗರ್ ಚೌಕಕ್ಕೆ ಮೆರವಣಿಗೆ ಹೋದರು. ಎರಡು ವರ್ಷ ಜಗ್ಗಾಟ ನಡೆದು, ಕೊನೆಗೆ 1973ರಲ್ಲಿ, ನೋಡಿ, ಮತ್ತೆ ಅದೇ 1973, ಶಿಕ್ಷಣ ಮಂತ್ರಿ ಮಾರ್ಗರೆಟ್ ಥ್ಯಾಚರ್ ಅವರನ್ನು ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಿ ಅಂತ ಆದೇಶ ಮಾಡಬೇಕಾಯಿತು. ಥ್ಯಾಚರ್ ಬಡವರ ಬಂಧು ಅಂತ ಯಾರೂ ಹೇಳೋದಿಲ್ಲ. ಆಕೆಯ ಕೈಯಿಂದ ಈ ಸಹಿ ಬೀಳಿಸಿದ ಹೋರಾಟಕ್ಕೆ ಕಿಡಿ ಹಚ್ಚಿದ್ದು ಮಳೆಯಲ್ಲಿ ನೆಂದ ಆ ಮಕ್ಕಳು. ಇಂಥ ಬೀದಿ ಬರಹಗಾರರ ಗುಂಪುಗಳು ಇಂಗ್ಲೆಂಡಿನ ಬೇರೆ ಊರುಗಳಲ್ಲೂ ಹುಟ್ಟಿ, 1976ರಲ್ಲಿ ದುಡಿಯುವ ಬರಹಗಾರರ ಒಕ್ಕೂಟವೇ ಆಯಿತು. ಗಮನಿಸಬೇಕಾದ್ದು ಇಷ್ಟು: ಸರ್ಲ್ ಮಕ್ಕಳ ಬರಹಕ್ಕೆ ಸಕ್ಕರೆ ಬೆರೆಸಲಿಲ್ಲ. ಅನ್ನದ ತಟ್ಟೆಯನ್ನೇ ಪಣಕ್ಕಿಟ್ಟರು. ಅದಕ್ಕೇ ಮಕ್ಕಳು ಅವರಿಗಾಗಿ ನಿಂತರು.

ಸ್ಟೆಪ್ನಿಗಿಂತ ನೂರಾ ಹದಿನಾರು ವರ್ಷ ಮೊದಲೇ ನಮ್ಮ ನೆಲದಲ್ಲಿ ಇದಕ್ಕಿಂತ ದೊಡ್ಡದು ನಡೆದಿದೆ. ಪುಣೆಯಲ್ಲಿ ಜೋತಿರಾವ್ ಫುಲೆ, ಸಾವಿತ್ರಿಬಾಯಿ ಫುಲೆ ನಡೆಸಿದ ಶಾಲೆಯಲ್ಲಿ ಮುಕ್ತಾಬಾಯಿ ಎಂಬ ಮಾಂಗ ಜಾತಿಯ ಹುಡುಗಿ ಓದುತ್ತಿದ್ದಳು. ವಯಸ್ಸು ಹದಿನಾಲ್ಕು ದಾಟಿರಲಿಲ್ಲ. ಅವಳು ಮಾಂಗ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ಮಿಷನರಿಗಳ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಬ್ರಾಹ್ಮಣರಿಗೆ ಮಾತ್ರ ಅಂದಮೇಲೆ ನಮ್ಮ ಧರ್ಮ ಯಾವುದು ಅಂತ ಆ ಹುಡುಗಿ ಕೇಳಿದಳು. ಪೇಶ್ವೆ ಕಾಲದಲ್ಲಿ ತನ್ನ ಜನರನ್ನು ಕಟ್ಟಡಗಳ ತಳಪಾಯಕ್ಕೆ ಹೂತದ್ದನ್ನು ಬರೆದಳು. ತಲೆ ಮೇಲೆ ಸೂರಿಲ್ಲದೆ ಹೆರುವ ತಾಯಂದಿರ ನೋವು ಬರೆದಳು. ಮಹಾರರು ತಾವು ಮಾಂಗರಿಗಿಂತ ಮೇಲು ಅಂದುಕೊಳ್ಳೋದನ್ನೂ ಬಿಡಲಿಲ್ಲ. ಈ ರೋಗಕ್ಕೆ ವಿದ್ಯೆಯೇ ಮದ್ದು ಅಂದಳು.

ಇದನ್ನು ಇವತ್ತಿನ ಯಾವುದಾದರೂ ಮಕ್ಕಳ ಪತ್ರಿಕೆಯ ಮೇಜಿಗೆ ಕಳಿಸಿ ನೋಡೋಣ. 'ವಿಷಯ ಗಂಭೀರ, ಮಕ್ಕಳಿಗೆ ಬೇಡ' ಅಂತಾರೆ ಒಬ್ಬರು. 'ಬ್ರಾಹ್ಮಣರ ಮಾತು ತೆಗೆಯಿರಿ, ದಾನಿಗಳಿಗೆ ಬೇಸರವಾಗುತ್ತೆ' ಅಂತಾರೆ ಇನ್ನೊಬ್ಬರು. 'ಮಹಾರ ಮಾಂಗ ಜಗಳ ತೆಗೆಯಿರಿ, ಒಗ್ಗಟ್ಟು ಕೆಡುತ್ತೆ' ಅಂತ ನಮ್ಮವರಲ್ಲೇ ಕೆಲವರು ಅಂದಾರು. ಉಳಿಯೋದು ಏನು? 'ವಿದ್ಯೆಯ ಮಹತ್ವ' ಅಂತ ಒಂದು ಪ್ಯಾರಾ! ಕೆಳಗೊಂದು ಚಿಟ್ಟೆ ಚಿತ್ರ! ಫುಲೆ ದಂಪತಿಗಳು ಆ ಹುಡುಗಿಗೆ ಬರೀ ಅಕ್ಷರ ಕೊಡಲಿಲ್ಲ, ಆ ಅಕ್ಷರದಿಂದ ಕೇಳುವ ಧೈರ್ಯ ಕೊಟ್ಟರು. ಅದಕ್ಕೆ ಬೆಲೆಯನ್ನೂ ತೆತ್ತರು. ಸಾವಿತ್ರಿಬಾಯಿ ಮೇಲೆ ಬಿದ್ದ ಸಗಣಿ, ಕಲ್ಲು ಕಥೆಯ ಕಲ್ಲಲ್ಲ. ಆ ಕಲ್ಲಿನಿಂದ ಅವರು ಬೇಯಿಸಿದ ಸಾರನ್ನು ನಾವು ಇವತ್ತಿಗೂ ಉಣ್ತಾ ಇದ್ದೀವಿ.

ಕರ್ನಾಟಕದಲ್ಲೂ ಬೀಜ ಬಿದ್ದಿಲ್ಲ ಅಂತಲ್ಲ. ಬೆಂಗಳೂರಿನ 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಜೊತೆಗೆ 1990ರಲ್ಲಿ ದುಡಿಯುವ ಮಕ್ಕಳದೇ 'ಭೀಮ ಸಂಘ' ಹುಟ್ಟಿತು. ಅವರ ನಡುವೆ 'ಭೀಮ ಪತ್ರಿಕೆ' ಎಂಬ ಗೋಡೆಪತ್ರಿಕೆ ಓಡಾಡಿತು. ಕೂಲಿ ಮಾಡುವ ಮಕ್ಕಳಿಗೆ ಸಂಘ ಯಾಕೆ, ಸ್ಕೂಲು ಸಾಲದೇ ಅನ್ನೋ ಜಗಳ ಬೇರೆ, ಅದನ್ನು ಇನ್ನೊಮ್ಮೆ ಆಡೋಣ. ಇಲ್ಲಿ ನಮಗೆ ಮುಖ್ಯವಾದದ್ದು ಗೋಡೆ. ಗೋಡೆಗೆ ಮುನ್ನುಡಿ ಬೇಕಿಲ್ಲ, ಬಿಡುಗಡೆಗೆ ಗಣ್ಯರು ಬೇಕಿಲ್ಲ. ಓದೋರು ದಾರೀಲಿ ಹೋಗೋರು.

ಇದೆಲ್ಲ ಮಕ್ಕಳ ಆಟದ ಮಾತು ಅನ್ನೋರಿಗೆ ಒಂದು ಸುದ್ದಿ ನೆನಪು ಮಾಡ್ತೀವಿ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ತೊಳೆಸಿದ ಸಂಗತಿ ಹೊರಬಿತ್ತು. ಹೊರಬಿದ್ದದ್ದು ಹೇಗೆ? ಮೊಬೈಲಿನ ವಿಡಿಯೋದಿಂದ. ಆಮೇಲೆ ಅಮಾನತು, ಕೇಸು, ಮಂತ್ರಿಗಳ ಭೇಟಿ ಎಲ್ಲ ಆಯಿತು. ನಾವು ಕೇಳೋದು ಇಷ್ಟೇ: ವಿಡಿಯೋ ಇಲ್ಲದ ಶಾಲೆಗಳ ಮಕ್ಕಳು ಯಾರಿಗೆ ಹೇಳಬೇಕು? 'ಸ್ವಚ್ಛ ಭಾರತ'ದ ಮೇಲೆ ಪ್ರಬಂಧ ಸ್ಪರ್ಧೆ ಇಡ್ತೀರಿ. ಕಕ್ಕಸು ತೊಳೆಯುವ ಹುಡುಗ 'ನಾನೇ ತೊಳೀತೀನಿ, ಬೇರೆ ಜಾತಿ ಹುಡುಗ್ರು ತೊಳೆಯಲ್ಲ' ಅಂತ ಬರೆದರೆ ಬಹುಮಾನ ಕೊಡ್ತೀರಾ, ಅವನ ಅಪ್ಪನ್ನ ಕರೆಸ್ತೀರಾ? ಈ ಒಂದು ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಮಕ್ಕಳ ಸಾಹಿತ್ಯದ ಎಲ್ಲ ಸಂಸ್ಥೆಗಳ ನಿಜವಾದ ಬಣ್ಣ ಇದೆ.

ಆದ್ದರಿಂದ ಮಡಕೆ ಹಿಡಿದು ಬರುವವರನ್ನು ನಾವು ಓಡಿಸೋದಿಲ್ಲ. ಲೆಕ್ಕ ಕೇಳ್ತೀವಿ.

ಒಂದು, ಆರಿಸೋ ಮೇಜಿನ ಸುತ್ತ ಕೂತವರು ಯಾರು? ಹೊಲೆಯರು, ಮಾದಿಗರು, ಅಲೆಮಾರಿಗಳು, ಆದಿವಾಸಿಗಳು, ಸಾಬರ ಮನೆ ಹೆಣ್ಣುಮಕ್ಕಳು ಅಲ್ಲಿದ್ದಾರಾ? ಚಹಾ ತರೋಕಲ್ಲ, ಆರಿಸೋಕೆ.

ಎರಡು, ಕಾಗುಣಿತ ತಿದ್ದಿ, ಬದುಕು ತಿದ್ದಬೇಡಿ. ಅವ್ವನನ್ನು ಅವ್ವ ಅಂತಲೇ ಬಿಡಿ. ತೆಗೆದ ಒಂದೊಂದು ಸಾಲನ್ನೂ ಯಾಕೆ ತೆಗೆದಿರಿ ಅಂತ ಮಗುವಿಗೆ ಹೇಳಿ. ಅದು ಬೇಡ ಅಂದರೆ ಹಿಂದಕ್ಕೆ ಸೇರಿಸಿ.

ಮೂರು, ಹೆಸರು. ಮುಖಪುಟದಲ್ಲಿ ಸಂಪಾದಕರ ಹೆಸರು ಎಮ್ಮೆ ಗಾತ್ರ, ಮಗುವಿನ ಹೆಸರು ಒಳಗೆಲ್ಲೋ ಇರುವೆ ಗಾತ್ರ, ಇದು ನಿಲ್ಲಬೇಕು. ಆದರೆ ಗೌಡನ ಹೆಸರು ಬರೆದ ಮಗು ಮರುದಿನ ಅದೇ ಗೌಡನ ಮನೆ ಮುಂದೆ ನಡೆದು ಸ್ಕೂಲಿಗೆ ಹೋಗಬೇಕು. ಅಂಥ ಕಡೆ ಹೆಸರು ಹಾಕಬೇಕೋ ಮರೆಸಬೇಕೋ ಅನ್ನೋದನ್ನು ಮಗು, ಅವರ ಮನೆಯವರು ತೀರ್ಮಾನ ಮಾಡಲಿ. ಧೈರ್ಯದ ಪುಸ್ತಕ ತಂದ ಕೀರ್ತಿ ನಿಮಗೆ, ಏಟು ಕೇರಿಗೆ, ಇದು ಆಗಬಾರದು.

ನಾಲ್ಕು, ಏಟು ಬಿದ್ದರೆ ನೀವೆಲ್ಲಿ ನಿಲ್ತೀರಿ? ವಕೀಲರನ್ನು ತರ್ತೀರಾ, ಪೊಲೀಸ್ ಸ್ಟೇಷನ್ನಿಗೆ ಬರ್ತೀರಾ, ಅಥವಾ 'ನಮ್ಮದು ಬರೀ ಸಾಹಿತ್ಯ' ಅಂತ ಜಾರಿಕೊಳ್ತೀರಾ? ಇದಕ್ಕೆ ಉತ್ತರ ಇಲ್ಲದವರು ಕೇರಿ ಮಕ್ಕಳ ಕೈಗೆ ಹಾಳೆ ಕೊಡೋದು ಬೇಡ.

ಇನ್ನು ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮ್ಮ ಮಾತು. ದೆಹಲಿಯ ಟ್ರಸ್ಟು, ಬೆಂಗಳೂರಿನ ಫೌಂಡೇಶನ್ನು ಬರಲಿ ಅಂತ ಕಾಯೋದು ಯಾಕೆ? ಒಂದು ಡ್ರಾಯಿಂಗ್ ಹಾಳೆ, ಒಂದು ಗಮ್ ಬಾಟ್ಲು, ಶಾಲೆಯ ಒಂದು ಗೋಡೆ ಸಾಕು. ಪ್ರತಿಭಾ ಕಾರಂಜಿಗೆ ಹುಡುಗರಿಂದ ಉರು ಹೊಡೆಸುವ ಹೊತ್ತಿನಲ್ಲಿ ಅರ್ಧ ಗಂಟೆ ಉಳಿಸಿ. 'ನಿನ್ನೆ ನಿಮ್ಮನೇಲಿ ಏನು ನಡೀತು, ನೀನು ಮಾತಾಡೋ ಮಾತಲ್ಲೇ ಬರಿ' ಅನ್ನಿ. ಬರೆಯೋಕೆ ಬಾರದ ಮಗು ಇದ್ದಿಲಲ್ಲಿ ಬಿಡಿಸಲಿ. ತಮಟೆ ಕಾಯಿಸುವ ಅಜ್ಜನ್ನ ಬಿಡಿಸಲಿ, ಒಣಗೋಕೆ ಹಾಕಿದ ಚರ್ಮ ಬಿಡಿಸಲಿ. ವಾಸನೆ ಬರುತ್ತೆ ಅಂತ ಮೂಗು ಮುಚ್ಚಬೇಡಿ. ಏನು ಗೋಡೆಗೆ ಏರಬೇಕು ಅನ್ನೋದನ್ನು ಮಕ್ಕಳ ಗುಂಪೇ ಆರಿಸಲಿ. ತಿಂಗಳಿಗೊಮ್ಮೆ ಜೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತು ಪ್ರತಿ ತೆಗೆಸಿ ಪಕ್ಕದೂರಿನ ಶಾಲೆಗೆ ಕಳಿಸಿ. ಅವರದು ನಿಮಗೆ ಬರಲಿ. ಬಿಇಓ ಸಾಹೇಬರು ಬಂದು 'ಇದೆಲ್ಲ ಯಾಕ್ರೀ?' ಅಂದರೆ ಭಾಷಾ ಕಲಿಕೆ ಸಾರ್ ಅನ್ನಿ. ಅದು ಸುಳ್ಳೂ ಅಲ್ಲ.

ಎಸ್‌ಡಿಎಂಸಿಯಲ್ಲಿ ಕೂತ ಉಳ್ಳವರು ಗೋಡೆಯ ಹಾಳೆ ಹರಿದುಹಾಕಿದರೆ? ಹರಿದುಹಾಕಬಹುದು. ಆ ದಿನ ಮೇಷ್ಟ್ರು ಒಬ್ಬರೇ ಇರಬಾರದು. ಸಂಘಟನೆಯ ಗೆಳೆಯರು, ಹಾಸ್ಟೆಲ್ ಹುಡುಗರು, ಕಾಲೇಜಿನ ಹೆಣ್ಣುಮಕ್ಕಳು ಆ ಗೋಡೆಯ ಮುಂದೆ ಬಂದು ನಿಲ್ಲಬೇಕು. ಮಾರನೇ ದಿನ ಅದೇ ಹಾಳೆ ಹತ್ತು ಗೋಡೆಗಳ ಮೇಲೆ ಏರಬೇಕು. ಮಕ್ಕಳ ಪುಸ್ತಕದ ಹಿಂದೆ ನಿಂತ ಜನ ಯಾರು ಅಂತ ಊರು ಕೇಳಿದರೆ, 'ನಾವು' ಅಂತ ಕೈ ಎತ್ತೋಕೆ ಅಷ್ಟು ಜನ ಅಲ್ಲಿರಬೇಕು.